ಬ್ಲೂಸ್ ಬ್ರದರ್ಸ್ ಹಿಂದಿದ್ದ ನಿಜವಾದ ಅಣ್ಣ-ತಮ್ಮ

1978ರಲ್ಲಿ ಅಮೆರಿಕದಲ್ಲಿ ‘ಬ್ರೀಫ್‌ಕೇಸ್ ಫುಲ್ ಆಫ್ ಬ್ಲೂಸ್’ ಅನ್ನೋ ಆಲ್ಬಂ ಬಂತು. ಕಪ್ಪು ಸೂಟು, ಕಪ್ಪು ಕನ್ನಡಕದಲ್ಲಿ ‘ಬ್ಲೂಸ್ ಬ್ರದರ್ಸ್’ ಆಗಿ ಹಾಡಿದ್ದು ಡ್ಯಾನ್ ಆಕ್ರಾಯ್ಡ್ ಮತ್ತು ಜಾನ್ ಬೆಲುಶಿ. ಬಿಲ್‌ಬೋರ್ಡ್‌ನಲ್ಲಿ ನಂಬರ್ ಒನ್! ಆದರೆ ಇವರು ಒಡಹುಟ್ಟಿದವರಲ್ಲ, ಹಾಸ್ಯ ನಟರು.

ನಿಜವಾದ ಅಣ್ಣ-ತಮ್ಮ ಇದ್ದದ್ದು ಕೆನಡಾದ ಟೊರಾಂಟೊದಲ್ಲಿ. ಅಣ್ಣ ಡಾನಿ ವಾಲ್ಶ್ ಗಿಟಾರ್, ಹಾರ್ಮೋನಿಕಾ ನುಡಿಸ್ತಿದ್ರು. ತಮ್ಮ ಹಾಕ್ ವಾಲ್ಶ್ ಹಾಡ್ತಿದ್ರು. 1969ರಲ್ಲಿ ‘ಡೌನ್‌ಚೈಲ್ಡ್ ಬ್ಲೂಸ್ ಬ್ಯಾಂಡ್’ ಕಟ್ಟಿ, ಗ್ರಾಸ್‌ಮನ್ಸ್ ಟ್ಯಾವರ್ನ್ ಅನ್ನೋ ಬಾರ್‌ನಲ್ಲಿ ನುಡಿಸೋಕೆ ಶುರು ಮಾಡಿದ್ರು. 1971ರ ಮೊದಲ ಆಲ್ಬಂ ರೆಕಾರ್ಡ್ ಆಗಿದ್ದು ರಾಚ್‌ಡೇಲ್ ಕಾಲೇಜು ಕಟ್ಟಡದ ತಾತ್ಕಾಲಿಕ ಸ್ಟುಡಿಯೋದಲ್ಲಿ. 1973ರಲ್ಲಿ ವಿನಿಪೆಗ್‌ನ ಜೇನ್ ವೇಸಿ ಸೇರಿದ್ರು. ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ ಕಲಿತಿದ್ದ ಅವರು ಬ್ಲೂಸ್‌ಗೆ ಬಂದು, 1982ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಆಕ್ರಾಯ್ಡ್ ಕೂಡ ಕೆನಡಾದವರೇ. ಡೌನ್‌ಚೈಲ್ಡ್ ಅವರಿಗೆ ಸ್ಫೂರ್ತಿ. ಆ ನಂಬರ್ ಒನ್ ಆಲ್ಬಂನ ಮೂರು ಹಾಡುಗಳನ್ನು ಡೌನ್‌ಚೈಲ್ಡ್ ಮೊದಲೇ ಹಾಡಿತ್ತು. ಎರಡು ವಾಲ್ಶ್ ಮನೆಯಲ್ಲೇ ಹುಟ್ಟಿದವು. ಜಗತ್ತು ನೆನಪಿಟ್ಟಿದ್ದು ಮಾತ್ರ ಕಪ್ಪು ಕನ್ನಡಕವನ್ನ.

ಹಾಗಂತ ಲೆಕ್ಕ ಇಲ್ಲಿಗೇ ಮುಗಿಯಲ್ಲ. ಮೂರನೆಯದು, ‘ಫ್ಲಿಪ್ ಫ್ಲಾಪ್ ಅಂಡ್ ಫ್ಲೈ’, ಬಿಗ್ ಜೋ ಟರ್ನರ್ ಹಾಡಿದ್ದು. ಬ್ಯಾಂಡಿನ ಹೆಸರೂ ಸನ್ನಿ ಬಾಯ್ ವಿಲಿಯಮ್ಸನ್ ಹಾಡಿನಿಂದ ಬಂದದ್ದು. ಇಬ್ಬರೂ ಅಮೆರಿಕದ ಕಪ್ಪು ಕಲಾವಿದರು. ಅಂದ್ರೆ ಡೌನ್‌ಚೈಲ್ಡ್ ಕೂಡ ಸಾಲಗಾರನೇ. ನಾನು ಓದಿದ್ದು ಕಾಮರ್ಸ್. ಸಾಲ ಮಾಡೋದು ತಪ್ಪಲ್ಲ, ಯಾರ ಹತ್ರ ತಗೊಂಡಿದ್ದು ಅಂತ ಖಾತೇಲಿ ಬರೀಬೇಕು ಅಷ್ಟೇ. ಮುಂದಿನ ಸಲ ಹಾಡು ಕೇಳುವಾಗ, ಬರೆದವರ ಹೆಸರನ್ನೂ ಒಮ್ಮೆ ನೋಡಿ.