ಮಳೆಯ ನಾಡಿನಲ್ಲಿ ಹೊಗೆಸೊಪ್ಪು



ಕಾಸರಗೋಡಿನ ಕಡಲ ಬದಿಯಲ್ಲಿ ನನ್ನ ಅಜ್ಜಿಯ ಮನೆ ಇತ್ತು. ಬಾವಿಯ ಪಕ್ಕದ ಮರಳು ನೆಲದಲ್ಲಿ ಅಜ್ಜಿ ಪ್ರತಿ ವರ್ಷ ಹತ್ತು ಹದಿನೈದು ಹೊಗೆಸೊಪ್ಪಿನ ಗಿಡ ಬೆಳೆಸುತ್ತಿದ್ದಳು. ಮಾರಲು ಅಲ್ಲ, ಮನೆಯ ಎಲೆಯಡಿಕೆಯ ಹರಿವಾಣಕ್ಕೆ. ನಮ್ಮದು ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು. ಜೂನ್ ತಿಂಗಳಲ್ಲಿ ಬಸಳೆ, ಕೆಸು, ಹಾಗಲ ಎಲ್ಲವೂ ತಾವಾಗಿಯೇ ಚಿಗುರುತ್ತಿದ್ದವು. ಆದರೆ ಹೊಗೆಸೊಪ್ಪಿನ ಬೀಜದ ಡಬ್ಬಿಯನ್ನು ಅಜ್ಜಿ ಆಗ ಮುಟ್ಟುತ್ತಿರಲಿಲ್ಲ. ದೀಪಾವಳಿ ಕಳೆದು, ಕೊನೆಯ ಮಳೆ ನಿಂತು, ಬೆಳಗಿನ ಇಬ್ಬನಿ ಶುರುವಾದ ಮೇಲೆಯೇ ಡಬ್ಬಿ ಕೆಳಗಿಳಿಯುತ್ತಿತ್ತು.

ನೀರು ಧಾರಾಳವಾಗಿರುವಾಗ ಸುಮ್ಮನಿದ್ದು, ನೀರು ನಿಂತ ಮೇಲೆ ಗಿಡ ನೆಟ್ಟು, ಕೊಡದಲ್ಲಿ ನೀರು ಹೊತ್ತು ಹಾಕುವುದೇಕೆ? ಬಾಲ್ಯದ ಈ ಪ್ರಶ್ನೆಗೆ ಮುಂದೆ ಬಿ.ಎಸ್‌ಸಿ. ತರಗತಿಯಲ್ಲಿ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ಸಿಕ್ಕಿದ್ದು ಇತಿಹಾಸದಲ್ಲಿ.

ಹೊಸ ಲೋಕದಿಂದ ಬಿಜಾಪುರಕ್ಕೆ

ಹೊಗೆಸೊಪ್ಪು ನಮ್ಮ ನೆಲದ ಗಿಡವಲ್ಲ. ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೆಟೊಗಳಂತೆ ಅದೂ ಅಮೆರಿಕ ಖಂಡದ್ದು. ಅವುಗಳ ಕುಟುಂಬಕ್ಕೇ ಸೇರಿದ್ದು. 1492ರಲ್ಲಿ ಕೊಲಂಬಸ್ ಅಲ್ಲಿಗೆ ತಲುಪುವ ಮೊದಲೇ ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಅದನ್ನು ಬಲ್ಲವರಾಗಿದ್ದರು. 1560ರ ಸುಮಾರಿಗೆ ಪೋರ್ಚುಗಲ್‌ನಲ್ಲಿದ್ದ ಫ್ರೆಂಚ್ ರಾಯಭಾರಿ ಝಾನ್ ನಿಕೊ ಅದನ್ನು ಔಷಧಿಯೆಂದು ತನ್ನ ದೇಶದ ಅರಮನೆಗೆ ಕಳುಹಿಸಿದ. ಗಿಡದ ಶಾಸ್ತ್ರೀಯ ನಾಮ ನಿಕೋಟಿಯಾನ, ಅದರ ವಿಷವಸ್ತು ನಿಕೋಟಿನ್, ಎರಡೂ ಅವನ ಹೆಸರಿನಿಂದಲೇ ಬಂದವು.

ನಮ್ಮ ದೇಶಕ್ಕೆ ಅದನ್ನು ತಂದವರು ಪೋರ್ಚುಗೀಸರು. ಅವರ ಗೋವಾದಿಂದ ದಖ್ಖನಿನ ಸುಲ್ತಾನರ ನಾಡು ದೂರವಿರಲಿಲ್ಲ. ಇಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದ ಒಂದು ಸ್ವಾರಸ್ಯವಾದ ದಾಖಲೆಯಿದೆ. ಇಬ್ರಾಹಿಂ ಆದಿಲ್‌ಶಾಹ ಎರಡನೆಯವನು ಆಳುತ್ತಿದ್ದಾಗ ಬಿಜಾಪುರಕ್ಕೆ ಬಂದಿದ್ದ ಮೊಗಲ್ ರಾಯಭಾರಿ ಅಸದ್ ಬೇಗ್ ಅಲ್ಲಿ ಹೊಗೆಸೊಪ್ಪನ್ನು ಕಂಡ. ಉತ್ತರದಲ್ಲಿ ಅಂಥದನ್ನು ಅವನು ನೋಡಿರಲಿಲ್ಲ. 1604-05ರ ಸುಮಾರಿಗೆ ರತ್ನಖಚಿತವಾದ ಕೊಳವೆಯೊಂದನ್ನೂ ಸೊಪ್ಪನ್ನೂ ಆಗ್ರಾಕ್ಕೆ ಒಯ್ದು ಅಕ್ಬರನ ಮುಂದಿಟ್ಟ. ಅಕ್ಬರ್ ಎರಡು ಮೂರು ಸಲ ಸೇದಿ ನೋಡಿದ. ಆಸ್ಥಾನದ ಹಕೀಮರು ತಡೆದರು. ನಮ್ಮ ಗ್ರಂಥಗಳಲ್ಲಿ ಇದರ ಮಾತಿಲ್ಲ, ಗುಣ ತಿಳಿಯದ ವಸ್ತುವನ್ನು ಬಾದಶಹರಿಗೆ ಕೊಡುವುದು ಹೇಗೆ ಎಂಬುದು ಅವರ ಆಕ್ಷೇಪ. ಯಾವ ಪದ್ಧತಿಯೂ ಒಂದು ಕಾಲದಲ್ಲಿ ಹೊಸದೇ ಆಗಿತ್ತಲ್ಲ ಎಂದು ಅಸದ್ ಬೇಗ್ ವಾದಿಸಿದ. ಅಕ್ಬರ್ ಅಭ್ಯಾಸ ಮಾಡಿಕೊಳ್ಳಲಿಲ್ಲ. ಆದರೆ ಸರದಾರರು ಮಾಡಿಕೊಂಡರು, ವ್ಯಾಪಾರಿಗಳು ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ಹೊಗೆಸೊಪ್ಪಿನ ಬಳಕೆಯನ್ನು ನಿಷೇಧಿಸಿದರೂ ಚಟ ನಿಲ್ಲಲಿಲ್ಲ.

ಹಕೀಮರ ಪ್ರಶ್ನೆ ಸರಿಯಾದದ್ದೇ ಆಗಿತ್ತು. ಅದಕ್ಕೆ ವಿಜ್ಞಾನ ಸ್ಪಷ್ಟ ಉತ್ತರ ಕೊಡಲು ಇನ್ನೂ ಮುನ್ನೂರೈವತ್ತು ವರ್ಷ ಬೇಕಾಯಿತು.

ಮಳೆ ಮಾಡುವ ಕೆಲಸ

ಈಗ ಅಜ್ಜಿಯ ಹಿತ್ತಲಿಗೆ ಮರಳೋಣ. ಹೊಗೆಸೊಪ್ಪಿನ ಬೀಜ ಎಷ್ಟು ಸಣ್ಣದೆಂದರೆ ಒಂದು ಗ್ರಾಂ ತೂಕಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಬೇಕು. ಅಂಥ ಬೀಜದ ಮೇಲೆ ಆಷಾಢದ ಒಂದು ಮಳೆ ಬಿದ್ದರೆ ಅದು ಕೊಚ್ಚಿಹೋಗುತ್ತದೆ. ಮೊಳೆತರೂ ಸಸಿಯ ಬುಡ ಕೊಳೆಯುತ್ತದೆ. ಅದಕ್ಕೇ ಅಜ್ಜಿ ಬೀಜವನ್ನು ಒಲೆಯ ಬೂದಿಯೊಂದಿಗೆ ಬೆರೆಸಿ, ಎತ್ತರಿಸಿದ ಮಡಿಯಲ್ಲಿ ಚೆಲ್ಲಿ, ಮೇಲೆ ತೆಂಗಿನ ಮಡಲಿನ ಚಪ್ಪರ ಹಾಕುತ್ತಿದ್ದಳು. ಬೂದಿ ಬೆರೆಸಿದರೆ ಬೀಜ ಒಂದೇ ಕಡೆ ಬೀಳದೆ ಸಮನಾಗಿ ಹರಡುತ್ತದೆ. ಸಸಿಗೆ ಪೊಟ್ಯಾಷ್ ಕೂಡ ಸಿಗುತ್ತದೆ.

ನಾಟಿಯಾದ ಮೇಲೂ ಅತಿಮಳೆ ಈ ಗಿಡಕ್ಕೆ ಶತ್ರು. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಆಮ್ಲಜನಕ ಸಿಗದು. ಮಾರನೆಯ ದಿನ ಬಿಸಿಲು ಬಂದರೆ, ಸುತ್ತ ನೀರಿದ್ದರೂ ಅದನ್ನು ಹೀರಲಾರದೆ ಗಿಡ ಬಾಡಿ ಬೀಳುತ್ತದೆ. ಮಣ್ಣಿನ ಸಾರಜನಕ ಮತ್ತು ಪೊಟ್ಯಾಷ್ ತೊಳೆದುಹೋಗುತ್ತವೆ. ಎಲೆಯ ಮೇಲಿನ ಸಣ್ಣ ರೋಮಗಳಲ್ಲಿ ಒಂದು ಬಗೆಯ ಅಂಟು ಇರುತ್ತದೆ. ಸುವಾಸನೆಯ ಬಹುಪಾಲು ಅದರಲ್ಲಿದೆ. ಮಳೆ ಅದನ್ನೂ ತೊಳೆಯುತ್ತದೆ. ನಿಕೋಟಿನ್ ತಯಾರಾಗುವುದು ಎಲೆಯಲ್ಲಲ್ಲ, ಬೇರಿನಲ್ಲಿ; ಅಲ್ಲಿಂದ ಎಲೆಗೆ ಏರುತ್ತದೆ. ಮಳೆಯಲ್ಲಿ ಬೆಳೆದ ಎಲೆ ಅಗಲವಾಗಿ, ತೆಳ್ಳಗೆ, ಸಪ್ಪೆಯಾಗಿ ಇರುತ್ತದೆ.

ಅಗಿಯುವವರಿಗೆ ಬೇಕಾದದ್ದು ಇದರ ವಿರುದ್ಧ: ದಪ್ಪನೆಯ, ಅಂಟಿನ, ಖಾರದ ಎಲೆ. ಆದ್ದರಿಂದ ಕರಾವಳಿಯವರು ಮಳೆಗಾಲವನ್ನು ಬಿಟ್ಟು ಬಿಸಿಲುಗಾಲವನ್ನು ಆರಿಸಿಕೊಂಡರು. ನೀರು ನಿಲ್ಲದ ಮರಳು ನೆಲವನ್ನು ಹಿಡಿದರು. ಮರಳಿನಲ್ಲಿ ಇಲ್ಲದ ಸಾರವನ್ನು ಹಟ್ಟಿಗೊಬ್ಬರ, ಬೂದಿ ಮತ್ತು ಒಣಗಿದ ಬೂತಾಯಿ ಮೀನಿನಿಂದ ತುಂಬಿದರು. ಎಷ್ಟು ಬೇಕೋ ಅಷ್ಟೇ ನೀರನ್ನು ಕೊಡದಲ್ಲಿ ಹಾಕಿದರು. ಹೂಬಿಡುವ ಮೊದಲು ಅಜ್ಜಿ ಗಿಡದ ತಲೆಯನ್ನು ಚಿವುಟುತ್ತಿದ್ದಳು. ಕಂಕುಳಲ್ಲಿ ಬರುವ ಕುಡಿಗಳನ್ನೂ ಮುರಿಯುತ್ತಿದ್ದಳು. ಹೀಗೆ ಮಾಡಿದರೆ ಎಲೆ ಮಾತ್ರ ಬಲಿಯುವುದಲ್ಲ, ಬೇರು ಹೆಚ್ಚು ನಿಕೋಟಿನನ್ನು ತಯಾರಿಸುತ್ತದೆ. ಅಜ್ಜಿಗೆ ಈ ಹೆಸರು ಗೊತ್ತಿರಲಿಲ್ಲ. ತಲೆ ಚಿವುಟದಿದ್ದರೆ ಸೊಪ್ಪು ತಲೆಗೆ ಹತ್ತುವುದಿಲ್ಲ ಎಂದು ಮಾತ್ರ ಗೊತ್ತಿತ್ತು. ಬಲಿತ ಎಲೆ ಬಿಸಿಲಿನಲ್ಲಿ ಬಾಡಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು, ಮುಂದಿನ ಮಳೆಗಾಲಕ್ಕೆ ಸಿದ್ಧವಾಗುತ್ತಿತ್ತು.

ಹಿತ್ತಲಿನೊಳಗೆ ಬಂದ ತಕ್ಕಡಿ

ಹತ್ತು ಗಿಡ ಬೆಳೆಯುವುದು ಮನೆಯ ವಿಷಯವೆಂದು ನಮಗೆ ಅನ್ನಿಸಬಹುದು. ಸರ್ಕಾರಗಳಿಗೆ ಹಾಗೆ ಅನ್ನಿಸಲಿಲ್ಲ. ಬಡವರೂ ಬಿಡಲಾರದ ವಸ್ತುವಿನ ಮೇಲೆ ತೆರಿಗೆ ಹಾಕಿದರೆ ಬೊಕ್ಕಸ ತುಂಬುತ್ತದೆ. ಉಪ್ಪು ಹಾಗೆ ಒಂದು ವಸ್ತು, ಹೊಗೆಸೊಪ್ಪು ಇನ್ನೊಂದು.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. 19ನೆಯ ಶತಮಾನದ ಮೊದಲ ದಶಕದಲ್ಲಿಯೇ ಮಲಬಾರ್ ಮತ್ತು ಕೆನರಾಗಳಲ್ಲಿ ಕಂಪನಿ ಹೊಗೆಸೊಪ್ಪಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ಮಳೆ ಹೆಚ್ಚಿರುವ ಈ ಕರಾವಳಿಯಲ್ಲಿ ಬೇಕಾದಷ್ಟು ಸೊಪ್ಪು ಬೆಳೆಯುತ್ತಿರಲಿಲ್ಲ. ಘಟ್ಟದ ಆಚೆಯ ಒಣ ಸೀಮೆಯಾದ ಕೊಯಮತ್ತೂರಿನಿಂದ ತರಬೇಕಾಗಿತ್ತು. ಅಲ್ಲಿ ಅಗ್ಗವಾಗಿ ಸಿಗುವ ಸೊಪ್ಪನ್ನು ಇಲ್ಲಿ ಹೆಚ್ಚಿನ ಬೆಲೆಗೆ ಮಾರುವುದು ಕಂಪನಿಯ ಲೆಕ್ಕ. ಬೆಲೆಯಲ್ಲಿ ಅಷ್ಟು ಅಂತರವಿದ್ದಲ್ಲಿ ಕಳ್ಳಸಾಗಾಣಿಕೆ ಹುಟ್ಟದೆ ಇರುತ್ತದೆಯೇ? ಅದನ್ನು ತಡೆಯಲು ಕಾವಲು, ಕಾವಲಿನವರ ಕಿರುಕುಳ. 1837ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಸುಳ್ಯ, ಪುತ್ತೂರುಗಳ ರೈತರು ದಂಗೆಯೆದ್ದು ಮಂಗಳೂರನ್ನು ಕೆಲವು ದಿನ ಹಿಡಿದಿಟ್ಟುಕೊಂಡರು. ಕಂದಾಯವನ್ನು ನಗದಿನಲ್ಲಿಯೇ ಕೊಡಬೇಕೆಂಬ ಒತ್ತಾಯದ ಜೊತೆಗೆ ಉಪ್ಪು ಮತ್ತು ಹೊಗೆಸೊಪ್ಪಿನ ಏಕಸ್ವಾಮ್ಯವೂ ಆ ಅಸಮಾಧಾನದ ಕಾರಣಗಳಲ್ಲಿ ಸೇರಿತ್ತು. 1850ರ ದಶಕದ ಆರಂಭದಲ್ಲಿ ಈ ಏಕಸ್ವಾಮ್ಯ ರದ್ದಾಯಿತು.

ತಕ್ಕಡಿ ಮಾತ್ರ ಮತ್ತೆ ಬಂತು. ಎರಡನೆಯ ಮಹಾಯುದ್ಧದ ಖರ್ಚು ಹೆಚ್ಚಿದ್ದ 1943ರಲ್ಲಿ ಬ್ರಿಟಿಷ್ ಸರ್ಕಾರ ಹೊಗೆಸೊಪ್ಪಿನ ಮೇಲೆ ಅಬಕಾರಿ ಸುಂಕ ವಿಧಿಸಿತು. ಸ್ವಾತಂತ್ರ್ಯದ ನಂತರವೂ ಅದು ಮುಂದುವರಿಯಿತು. ಹಸಿ ಎಲೆಯ ಮೇಲಿನ ಸುಂಕ ಹೋದದ್ದು 1979ರಲ್ಲಿ. ಸುಂಕ ಹೋದರೂ ರೈತನಿಗೆ ನ್ಯಾಯವಾದ ಬೆಲೆ ಸಿಗಲಿಲ್ಲ. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿಯಲ್ಲಿ 1981ರಲ್ಲಿ ಬೆಳೆಗಾರರು ಪುಣೆ-ಬೆಂಗಳೂರು ಹೆದ್ದಾರಿಯನ್ನು ತಡೆದು ಕುಳಿತರು. ಏಪ್ರಿಲ್‌ನಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು.

ಮಳೆಯನ್ನೇ ಬಳಸಿಕೊಂಡ ಬೆಳೆ

ಇಷ್ಟು ಹೊತ್ತು ಮಳೆಯನ್ನು ತಪ್ಪಿಸಿಕೊಂಡು ಬೆಳೆಯುವ ಹೊಗೆಸೊಪ್ಪನ್ನು ನೋಡಿದೆವು. ಹಳೆಯ ಮೈಸೂರು ಸೀಮೆಯಲ್ಲಿ ಇದರ ಇನ್ನೊಂದು ಮುಖವಿದೆ. ಅಲ್ಲಿ ಹಿಂದಿನಿಂದಲೂ ನಾಟಿ ಹೊಗೆಸೊಪ್ಪು, ಕಡ್ಡಿಪುಡಿ ಇದ್ದವು. ಆದರೆ 20ನೆಯ ಶತಮಾನದಲ್ಲಿ ಸಿಗರೇಟು ಬಂತು. ಸಿಗರೇಟಿಗೆ ಖಾರದ ದಪ್ಪ ಎಲೆ ಬೇಡ. ತೆಳುವಾದ, ಹಳದಿಯ, ಸೌಮ್ಯವಾದ ವರ್ಜೀನಿಯಾ ಎಲೆ ಬೇಕು. ಅಂದರೆ ಅಗಿಯುವವರು ಬೇಡವೆಂದ ಗುಣಗಳೇ ಇಲ್ಲಿ ಬೆಲೆಬಾಳತೊಡಗಿದವು.

ಆಂಧ್ರದ ಗುಂಟೂರು ಸೀಮೆಯಲ್ಲಿ ಅದನ್ನು ಕಪ್ಪು ಮಣ್ಣಿನಲ್ಲಿ, ಮಳೆ ಮುಗಿದ ಮೇಲೆ, ನೆಲದಲ್ಲಿ ಉಳಿದ ತೇವದಿಂದ ಬೆಳೆದರು. ಮೈಸೂರು ಸಂಸ್ಥಾನದಲ್ಲಿ 1930ರ ದಶಕದಲ್ಲಿ ಈ ಬೆಳೆಗೆ ಉತ್ತೇಜನ ದೊರೆಯಿತು. 1937ರಲ್ಲಿ ಮೈಸೂರು ಟೊಬ್ಯಾಕೊ ಕಂಪನಿ ಸ್ಥಾಪನೆಯಾಯಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಘಟ್ಟದ ಮರೆಯಲ್ಲಿರುವುದರಿಂದ ಮಳೆ ಕರಾವಳಿಯಂತೆ ಸುರಿಯದೆ ಹದವಾಗಿ ಬರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಸಸಿಮಡಿ, ಮೇ ತಿಂಗಳ ಮುಂಗಾರುಪೂರ್ವ ಮಳೆಗೆ ನಾಟಿ, ಜುಲೈ ಹೊತ್ತಿಗೆ ಎಲೆ ಮುರಿಯುವ ಕೆಲಸ. ಮಳೆಗಾಲದಲ್ಲೇ ಬೆಳೆ ಮುಗಿಯುತ್ತದೆ.

ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ಪಿರಿಯಾಪಟ್ಟಣದ ಕಡೆ ಹೋಗಿದ್ದಾಗ ಒಬ್ಬ ರೈತರು ಹೇಳಿದರು: “ಮೇ ತಿಂಗಳಲ್ಲಿ ಎರಡು ಹದಮಳೆ ಆಗ್ಬೇಕು ಸಾ. ಆಮೇಲೆ ಬಿಡುವು ಕೊಟ್ಟು ಬರ್ಬೇಕು. ಸುರೀತಾನೇ ಇದ್ರೆ ಗೊಬ್ರ ಎಲ್ಲಾ ತೊಳ್ಕೊಂಡ್ ಹೋಯ್ತದೆ, ಎಲೆ ತೂಕಾನೇ ಬರಲ್ಲ.” ನನಗೆ ಅಜ್ಜಿಯ ಮಾತು ಕೇಳಿದಂತಾಯಿತು.

ಆದರೆ ಇಲ್ಲಿ ಎಲೆ ಅಟ್ಟದಲ್ಲಿ ಒಣಗುವುದಿಲ್ಲ. ಮಳೆಗಾಲದಲ್ಲಿ ಬಿಸಿಲನ್ನು ನಂಬುವಂತಿಲ್ಲ. ಎತ್ತರದ ಗೋಡೆಗಳ ‘ಬ್ಯಾರನ್’ ಎಂಬ ಕಟ್ಟಡದಲ್ಲಿ ಎಲೆಗಳನ್ನು ಕೋಲುಗಳಿಗೆ ಕಟ್ಟಿ ತೂಗುಹಾಕುತ್ತಾರೆ. ಕೆಳಗೆ ಕಬ್ಬಿಣದ ಕೊಳವೆಗಳಲ್ಲಿ ಬಿಸಿಗಾಳಿ ಹರಿಯುತ್ತದೆ. ಮೊದಲು 35ರಿಂದ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲೆ ಹಳದಿಯಾಗುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಶಾಖ ಮೆಲ್ಲಗೆ ಏರಿ, ಕೊನೆಗೆ 70 ಡಿಗ್ರಿಯ ಸುಮಾರಿಗೆ ನಡುನರ ಒಣಗುತ್ತದೆ. ಐದಾರು ದಿನ, ಹಗಲು ರಾತ್ರಿ, ಮನೆಯವರೇ ಸರದಿಯಲ್ಲಿ ಬೆಂಕಿ ಕಾಯಬೇಕು. ಒಂದು ಕಿಲೋ ಒಣ ಎಲೆಗೆ ಹಲವು ಕಿಲೋ ಸೌದೆ ಉರಿಯುತ್ತದೆ. ಮಳೆ ಮಾಡಲಾರದ ಕೆಲಸವನ್ನು ಮರ ಮಾಡಬೇಕಾಯಿತು. ಆ ಲೆಕ್ಕ ಸುತ್ತಲಿನ ಗುಡ್ಡಗಳ ಮೇಲೆ ಬಿತ್ತು.

ಈ ಬೆಳೆಯನ್ನು ತನ್ನ ಇಷ್ಟದಂತೆ ಬೆಳೆಯುವಂತಿಲ್ಲ. 1975ರ ಕಾಯಿದೆಯಂತೆ ತಂಬಾಕು ಮಂಡಳಿ ರಚನೆಯಾಯಿತು. ವರ್ಜೀನಿಯಾ ಬೆಳೆಯಲು ನೋಂದಣಿ ಬೇಕು, ಬ್ಯಾರನ್ನಿಗೆ ಪರವಾನಗಿ ಬೇಕು. 1984ರಿಂದ ಕರ್ನಾಟಕದಲ್ಲಿ ಮಂಡಳಿಯ ಹರಾಜು ಆರಂಭವಾದಾಗ ವ್ಯಾಪಾರಿಯ ಬಾಯಿಮಾತಿನ ಬೆಲೆಗಿಂತ ಅದು ಮೇಲು ಎಂದು ರೈತರು ಕಂಡರು. ಎಷ್ಟೋ ಮನೆಗಳಲ್ಲಿ ಮಕ್ಕಳ ಕಾಲೇಜು ಶುಲ್ಕ ಈ ಎಲೆಯಿಂದಲೇ ಬಂದಿದೆ. ನಿಮ್ಮಲ್ಲಿ ಕೆಲವರು ಅಂಥ ಮನೆಯವರೇ ಇರಬಹುದು.

ಹಕೀಮರ ಪ್ರಶ್ನೆಗೆ ಉತ್ತರ

1950ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ವಿಜ್ಞಾನಿಗಳು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಅಂಕಿಅಂಶಗಳಿಂದ ತೋರಿಸಿದರು. ಅಗಿಯುವ ಹೊಗೆಸೊಪ್ಪು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದೂ ಆಮೇಲೆ ಖಚಿತವಾಯಿತು. ಬೆಳೆಯುವವರಿಗೂ ಅಪಾಯ ತಪ್ಪಿದ್ದಲ್ಲ. ಮಳೆ ಅಥವಾ ಇಬ್ಬನಿಯಿಂದ ಒದ್ದೆಯಾದ ಎಲೆಯನ್ನು ಬರಿಗೈಯಲ್ಲಿ ಮುರಿಯುವವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ವಾಂತಿ, ತಲೆಸುತ್ತು ಬರುತ್ತದೆ. ಒಣ ಸೀಮೆಗಿಂತ ಮಳೆಯ ಸೀಮೆಯಲ್ಲಿ ಇದರ ಭಯ ಹೆಚ್ಚು.

2003ರಲ್ಲಿ ಭಾರತ ತಂಬಾಕು ನಿಯಂತ್ರಣ ಕಾಯಿದೆ ಮಾಡಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದವನ್ನು ಅಂಗೀಕರಿಸಿತು. ಬೆಳೆಗಾರರಿಗೆ ಬದುಕಲು ಸಾಕಾಗುವ ಬದಲಿ ದಾರಿ ತೋರಿಸಬೇಕೆಂದು ಆ ಒಪ್ಪಂದದ 17ನೆಯ ವಿಧಿ ಹೇಳುತ್ತದೆ. ಹೇಳುವುದು ಸುಲಭ. ಮಳೆಯ ಹದವನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲ ರೈತನಿಗೆ ರಾಗಿ, ದ್ವಿದಳ ಧಾನ್ಯ, ಮುಸುಕಿನ ಜೋಳ ಬೆಳೆಯಲು ಬಾರದೆಂದಲ್ಲ. ಹರಾಜುಕಟ್ಟೆಯಂತೆ ನಿಶ್ಚಿತವಾದ ಮಾರುಕಟ್ಟೆ ಆ ಬೆಳೆಗಳಿಗೆ ಇಲ್ಲ ಎಂಬುದು ಅವನ ತೊಡಕು. ಈ ಎಲೆಯ ಬೆನ್ನು ಹತ್ತಿದ ತಕ್ಕಡಿ ರಾಗಿಯ ಹೊಲಕ್ಕೂ ಅಷ್ಟೇ ಆಸಕ್ತಿಯಿಂದ ಬಂದಿದ್ದರೆ ಚಿತ್ರ ಬೇರೆಯಾಗುತ್ತಿತ್ತು.

ನನ್ನ ಅಜ್ಜಿಗೆ ಕೆನ್ನೆಯ ಒಳಗೆ ಒಂದು ಹುಣ್ಣಾಯಿತು. ಸುಣ್ಣ ಹೆಚ್ಚಾಗಿ ಸುಟ್ಟಿರಬೇಕೆಂದು ಅವಳು ಒಂದು ವರ್ಷ ಹೇಳುತ್ತ ಬಂದಳು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಅವಳು ಹೋದ ವರ್ಷ ದೀಪಾವಳಿ ಕಳೆದರೂ ಬೀಜದ ಡಬ್ಬಿಯನ್ನು ಯಾರೂ ಕೆಳಗಿಳಿಸಲಿಲ್ಲ. ಆ ಮಡಿಯಲ್ಲಿ ನನ್ನ ಅತ್ತೆ ಹರಿವೆ ಹಾಕಿದರು. ಅದೇ ಬೂದಿ, ಅದೇ ಕೊಡ, ಅದೇ ಬಾವಿಯ ನೀರು. ಹರಿವೆ ಸೊಗಸಾಗಿ ಬಂತು.

ವಿದ್ಯಾರ್ಥಿಗಳೇ, ನಿಮ್ಮ ಊರಿನ ಹಿರಿಯರನ್ನು ಕೇಳಿ ನೋಡಿ. ಅಲ್ಲಿ ಹೊಗೆಸೊಪ್ಪು ಯಾವ ತಿಂಗಳಲ್ಲಿ ನಾಟಿಯಾಗುತ್ತಿತ್ತು, ಮಳೆ ಹೆಚ್ಚಾದರೆ ಏನು ಮಾಡುತ್ತಿದ್ದರು, ಯಾರು ಕೊಳ್ಳುತ್ತಿದ್ದರು, ತೂಕ ಯಾರದ್ದಾಗಿತ್ತು ಎಂದು ಕೇಳಿ ಬರೆದಿಡಿ. ಅದನ್ನು ಬಿಟ್ಟವರು ಆ ಜಾಗದಲ್ಲಿ ಏನು ಬೆಳೆದರು, ಅದರಿಂದ ಸಂಸಾರ ನಡೆಯಿತೇ ಎಂಬುದನ್ನೂ ಮರೆಯದೆ ಕೇಳಿ.