ಅಚ್ಚಿನ ಮಾತಿಗೆ ಹಣ ಕೊಟ್ಟವರಾರು?

‘ಪೇಪರಿನಲ್ಲೇ ಬಂದಿದೆ’ ಎಂದರೆ ಹಳ್ಳಿಯ ಕಟ್ಟೆಯ ಮೇಲಿನ ವಾದ ಅಲ್ಲಿಗೆ ಮುಗಿಯುತ್ತದೆ. ಅಚ್ಚಾದದ್ದೆಲ್ಲ ನಿಜ ಎಂಬ ಈ ನಂಬಿಕೆ ಎಷ್ಟು ಗಟ್ಟಿ? ಹೊನ್ನಾಳಿಯಂಥ ಊರಿನಲ್ಲಿ ಓದುವ ವಿದ್ಯಾರ್ಥಿಯೊಬ್ಬ ಸುದ್ದಿಯನ್ನೂ ಜಾಹೀರಾತನ್ನೂ ಒರೆಗೆ ಹಚ್ಚಲು ಹೊರಟರೆ, ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದರ ಖರ್ಚು ಯಾರದು?

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕರು. ಕಲ್ಲಚ್ಚಿನಲ್ಲಿ ಮುದ್ರಿಸಿದ ಈ ಪಾಕ್ಷಿಕದ ಬೆಲೆ ಒಂದು ದುಡ್ಡು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಓದುಗ ಕೊಟ್ಟದ್ದು ಒಂದು ದುಡ್ಡಾದರೂ ಪತ್ರಿಕೆಯ ಬೆನ್ನಿಗಿದ್ದುದು ಧರ್ಮಪ್ರಚಾರಕ್ಕೆಂದು ಬಂದ ಸಂಸ್ಥೆ. ಹಾಗೆಂದು ಅದರ ಸುದ್ದಿಗಳು ಸುಳ್ಳೆಂದಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಮಾತ್ರ ಪತ್ರಿಕೆ ನಡೆಸುವವರದು. ಒಲವು ಹೆಚ್ಚಾಗಿ ಅಡಗಿರುವುದು ಸುಳ್ಳಿನಲ್ಲಲ್ಲ, ಈ ಆಯ್ಕೆಯಲ್ಲಿ.

ಹಣ ಕೊಡದೆಯೂ ಪತ್ರಿಕೆಯ ಬಾಯಿ ಕಟ್ಟಬಹುದೆಂಬುದನ್ನು ಮೈಸೂರು ಸಂಸ್ಥಾನ ತೋರಿಸಿಕೊಟ್ಟಿತು. ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಪತ್ರಿಕೆ ಹೊರಡಿಸಲು ಸರ್ಕಾರದ ಅನುಮತಿ ಬೇಕೆಂಬ ಕಾನೂನು ಬಂತು. ‘ತಾತಯ್ಯ’ ಎಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿಗೂ ಈ ಕಾನೂನು ಅನ್ವಯಿಸುತ್ತಿತ್ತು. ಪಕ್ಕದ ರಾಣೆಬೆನ್ನೂರು, ಹಿರೇಕೆರೂರುಗಳು ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿಯ ಕಟ್ಟಳೆ ಬೇರೆ. ಭಾಷೆ ಒಂದೇ ಆದರೂ ಗಡಿಯ ಆಚೆ ಈಚೆ ಅಚ್ಚಾಗಬಹುದಾದ ಮಾತು ಒಂದೇ ಆಗಿರಬೇಕಿರಲಿಲ್ಲ.

ಜಾಹೀರಾತಿನ ಕಥೆ ಇನ್ನೂ ಸ್ವಾರಸ್ಯದ್ದು. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ, 1916ರಲ್ಲಿ ಸಂಸ್ಥಾನ ಗಂಧದೆಣ್ಣೆಯ ತಯಾರಿಕೆಗೆ ಕೈಹಾಕಿತು. 1918ರ ಹೊತ್ತಿಗೆ ಸಾಬೂನೂ ಬಂತು. ಮೈಸೂರು ಸ್ಯಾಂಡಲ್ ಸೋಪಿನ ಲಾಂಛನ ಆನೆಯ ತಲೆ, ಸಿಂಹದ ದೇಹದ ಶರಭ. ಮೈ ತೊಳೆಯುವ ಕೆಲಸಕ್ಕೂ ಪುರಾಣದ ಈ ಪ್ರಾಣಿಗೂ ಯಾವ ಸಂಬಂಧವೂ ಇಲ್ಲ. ಆದರೂ ಸೋಪಿನೊಂದಿಗೆ ನಾಡಿನ ಹೆಮ್ಮೆಯೂ ಮನೆಗೆ ಬಂದಂತಾಗುತ್ತದೆ. 2025ರಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ ಕೊಟ್ಟು ರಾಯಭಾರಿಯಾಗಿ ನೇಮಿಸಿದಾಗ, ಕನ್ನಡದ ನಟಿಯರಿರಲಿಲ್ಲವೇ ಎಂದು ಗದ್ದಲವೆದ್ದಿತು. ಹೊರರಾಜ್ಯಗಳ ಮಾರುಕಟ್ಟೆಗಾಗಿ ಎಂಬುದು ಸರ್ಕಾರದ ಉತ್ತರ. ವಾದ ನಡೆದದ್ದು ಮುಖದ ಬಗೆಗೆ. ಸಾಬೂನಿನ ಗುಣದ ಬಗೆಗಲ್ಲ. ಜಾಹೀರಾತಿನ ಮೋಡಿ ಎಂದರೆ ಇದೇ.

ಮೋಡಿ ಅಪರಾಧವಲ್ಲ, ಮೋಸ ಅಪರಾಧ. ಜಾಹೀರಾತಿಗೂ ವಾಕ್‌ಸ್ವಾತಂತ್ರ್ಯದ ರಕ್ಷಣೆಯುಂಟು, ಆದರೆ ದಾರಿ ತಪ್ಪಿಸುವ ಜಾಹೀರಾತಿಗೆ ಅದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಪವಾಡದ ಔಷಧಿಗಳ ಪ್ರಚಾರಕ್ಕೆ ತಡೆ ಹಾಕುವ ಕಾಯಿದೆ 1954ರಷ್ಟು ಹಳೆಯದು. 2019ರ ಗ್ರಾಹಕ ರಕ್ಷಣಾ ಕಾಯಿದೆಯಂತೆ ಸುಳ್ಳು ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ತಪ್ಪು ಮರುಕಳಿಸಿದರೆ 50 ಲಕ್ಷ. ಹಣ ಪಡೆದು ಪ್ರಚಾರವನ್ನೇ ಸುದ್ದಿಯೆಂದು ಅಚ್ಚು ಹಾಕುವ ‘ಕಾಸಿಗಾಗಿ ಸುದ್ದಿ’ಯ ಬಗೆಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲೇ ವರದಿ ಹೊರಡಿಸಿತು. ಜಾಹೀರಾತಿಗಿಂತಲೂ ಇದು ಅಪಾಯಕಾರಿ. ಜಾಹೀರಾತು ತಾನು ಜಾಹೀರಾತೆಂಬುದನ್ನಾದರೂ ಮುಚ್ಚಿಡುವುದಿಲ್ಲ.

ಇದೆಲ್ಲ ಪೇಟೆಯವರ ಚರ್ಚೆ ಎನ್ನುವಂತಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಹೊನ್ನಾಳಿ, ಭತ್ತ ಮೆಕ್ಕೆಜೋಳ ಬೆಳೆಯುವ ಸೀಮೆ. ಗೋಡೆಯ ಮೇಲಿನ ಬಿತ್ತನೆ ಬೀಜದ ಬರಹವನ್ನೋ ಮೊಬೈಲಿಗೆ ಬಂದ ಔಷಧಿಯ ಹೊಗಳಿಕೆಯನ್ನೋ ನಂಬಿ ಕೆಟ್ಟ ರೈತನಿಗೆ ದಂಡ ವಸೂಲಾದರೂ ಹೋದ ಮುಂಗಾರು ಮರಳುವುದಿಲ್ಲ. ಕಾನೂನು ಬರುವುದು ಬೆಳೆ ಹೋದ ಮೇಲೆ. ಪ್ರಶ್ನೆ ಬರಬೇಕಾದದ್ದು ಬಿತ್ತುವ ಮೊದಲು. ಹೇಳುತ್ತಿರುವವರು ಯಾರು, ಅವರಿಗೆ ಹಣ ಕೊಟ್ಟವರು ಯಾರು, ಹೇಳದೆ ಬಿಟ್ಟದ್ದೇನು? ಈ ಮೂರನ್ನು ಕೇಳಲು ಕಲಿತ ವಿದ್ಯಾರ್ಥಿ ಮನೆಯಲ್ಲೊಬ್ಬನಿದ್ದರೆ, ಅವನ ಓದು ಹೊಲಕ್ಕೂ ದಕ್ಕಿದಂತೆ.