ಹತ್ತು ದಿನ, ನಾಲ್ಕು ಮೊಟ್ಟೆ

ಹಳ್ಳಿಯಲ್ಲಿ ಕೋಳಿ ಸಾಕಿದವರೆಲ್ಲ ನೋಡಿರುವ ದೃಶ್ಯ ಇದು: ಮೊಟ್ಟೆಯಿಡುವ ಕಾಲಕ್ಕೆ ಹೇಂಟೆ ಸುಣ್ಣ ಬಳಿದ ಗೋಡೆಯನ್ನು ಕುಕ್ಕುತ್ತದೆ, ಉದುರಿದ ಗಾರೆಯ ಚೂರನ್ನು ಕಾಳಿನಷ್ಟೇ ಆಸೆಯಿಂದ ನುಂಗುತ್ತದೆ. ಮೊಟ್ಟೆಯ ಚಿಪ್ಪು ಸುಣ್ಣದ್ದು, ಆದ್ದರಿಂದ ಕೋಳಿಗೆ ಸುಣ್ಣ ಬೇಕು. ಇಷ್ಟು ಸರಳವಾದ ಮಾತು ಲೆಕ್ಕದಲ್ಲಿ ಸರಿಹೊಂದುವುದಕ್ಕೆ ಮಾತ್ರ ವಿಜ್ಞಾನಕ್ಕೆ ನೂರೈವತ್ತು ವರ್ಷ ಹಿಡಿಯಿತು.

1799ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ನಿಕೊಲಾ ವೊಕ್ಲಾಂ ಒಂದು ಕೋಳಿಯ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದ. ಸಾಮಾನ್ಯ ಆಸಾಮಿಯಲ್ಲ ಅವನು. ಕ್ರೋಮಿಯಂ ಧಾತುವನ್ನು ಆಗಷ್ಟೇ ಕಂಡುಹಿಡಿದಿದ್ದ. ಕೋಳಿಗೆ ಹತ್ತು ದಿನ ತೂಕ ಮಾಡಿದ ಓಟ್ಸ್ ಮಾತ್ರ ಹಾಕಿದ. ಅದು ನಾಲ್ಕು ಮೊಟ್ಟೆ ಇಟ್ಟಿತು. ಮೊಟ್ಟೆಯ ಚಿಪ್ಪು, ಬಿದ್ದ ಹಿಕ್ಕೆ, ತಿಂದ ಕಾಳು ಮೂರರಲ್ಲೂ ಎಷ್ಟು ಸುಣ್ಣವಿದೆಯೆಂದು ಪರೀಕ್ಷಿಸಿದ. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಎಷ್ಟೋ ಪಾಲು ಹೆಚ್ಚಿತ್ತು. ಧಾತುವನ್ನು ಹುಟ್ಟಿಸಲೂ ಆಗದು, ಅಳಿಸಲೂ ಆಗದು ಎಂದು ಲವಾಸಿಯೆ ಕಲಿಸಿದ ಪಾಠ ಇನ್ನೂ ಬಿಸಿಯಾಗಿದ್ದ ಕಾಲ. ಹಾಗಾದರೆ ಕೋಳಿ ಸುಣ್ಣವನ್ನು ಎಲ್ಲಿಂದ ತಂದಿತು?

ಈ ಪ್ರಶ್ನೆಯನ್ನು ಸರಿಯಾಗಿ ಹಿಡಿದವನು ಸ್ಕಾಟ್ಲೆಂಡಿನ ಥಾಮಸ್ ಥಾಮ್ಸನ್. ತನ್ನ ರಸಾಯನಶಾಸ್ತ್ರದ ಪಠ್ಯಪುಸ್ತಕದಲ್ಲಿ ವೊಕ್ಲಾಂನ ಅಂಕಿಗಳನ್ನು ಕೊಟ್ಟು, ಇಷ್ಟು ದೊಡ್ಡ ತೀರ್ಮಾನವನ್ನು ಹಾಗೇ ಒಪ್ಪಲಾಗದು ಎಂದ. ಪ್ರಯೋಗವನ್ನು ಮತ್ತೆ ಮತ್ತೆ ಮಾಡಬೇಕು, ಕೋಳಿಗೆ ಬೇರೆಲ್ಲೂ ಸುಣ್ಣ ಸಿಗದಂತೆ ನೋಡಿಕೊಳ್ಳಬೇಕು, ಮುಖ್ಯವಾಗಿ ಕೋಳಿಯ ತೂಕ ಇಳಿದಿಲ್ಲವೆಂದು ಖಚಿತವಾಗಬೇಕು. ಇಳಿದಿದ್ದರೆ ಅದರ ಮೈಯೊಳಗಿನ ಸುಣ್ಣವೇ ಚಿಪ್ಪಿಗೆ ಹೋಗಿರಬಹುದು. ಜೊತೆಗೆ ಲಂಡನ್ನಿನ ವೈದ್ಯ ಜಾರ್ಜ್ ಫೋರ್ಡೈಸ್ ಕೆನರಿ ಹಕ್ಕಿಗಳ ಮೇಲೆ ಮಾಡಿದ್ದ ಹಳೆಯ ಪ್ರಯೋಗವನ್ನೂ ನೆನಪಿಸಿದ. ಮೊಟ್ಟೆಯಿಡುವ ಹೊತ್ತಿನಲ್ಲಿ ಸುಣ್ಣ ಸಿಗದ ಹಕ್ಕಿಗಳಲ್ಲಿ ಅನೇಕವು ಮೊಟ್ಟೆ ಹೊರಬಾರದೆ ಸತ್ತಿದ್ದವು. ಹಳೇ ಗಾರೆ ಸಿಕ್ಕವು ಬದುಕಿದ್ದವು. ನಮ್ಮ ಹೇಂಟೆಯ ಗೋಡೆ ಲಂಡನ್ನಿನ ಪಂಜರದೊಳಗೂ ಇತ್ತು ಅನ್ನಿ.

ಜಮಾ-ಖರ್ಚು ಬರೆದು ತಿಜೋರಿಯನ್ನೇ ತೆರೆದು ನೋಡದವನ ಲೆಕ್ಕ ವೊಕ್ಲಾಂನದು. ಒಂದು ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಕೋಳಿಯ ಎಲುಬುಗೂಡಿನಲ್ಲಿ ಸುಮಾರು 20 ಗ್ರಾಂ. ನಾಲ್ಕು ಮೊಟ್ಟೆಗೆ ಬೇಕಾದ 8 ಗ್ರಾಂ ಓಟ್ಸ್‌ನಲ್ಲಿ ಇರಲಿಲ್ಲ, ಎಲುಬಿನಲ್ಲಿ ಇತ್ತು. 20ನೇ ಶತಮಾನದಲ್ಲಿ ಸಂಶೋಧಕರು ಹಕ್ಕಿಗಳ ಎಲುಬಿನ ಟೊಳ್ಳಿನಲ್ಲಿ ವಿಚಿತ್ರವಾದ ಇನ್ನೊಂದು ಎಲುಬನ್ನು ಕಂಡರು. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣುಹಕ್ಕಿಯಲ್ಲಿ ಮಾತ್ರ ಬೆಳೆದು, ಆಮೇಲೆ ಕರಗಿಹೋಗುವ ಮಜ್ಜೆಯೆಲುಬು. ಅದೇ ಚಿಪ್ಪಿನ ಗೋದಾಮು. 1954ರಲ್ಲಿ ಇಂಗ್ಲೆಂಡಿನ ಟೇಲರ್ ಮತ್ತು ಮೂರ್ ಸುಣ್ಣವಿಲ್ಲದ ಮೇವು ಹಾಕಿ ನೋಡಿದಾಗ, ಕೆಲವೇ ಮೊಟ್ಟೆಗಳೊಳಗೆ ಕೋಳಿಗಳು ಎಲುಬುಗೂಡಿನ ಸುಣ್ಣದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಂಡಿದ್ದವು. ಥಾಮ್ಸನ್ ಅನುಮಾನಿಸಿದ್ದು ನಿಜವಾಗಿತ್ತು.

ಇಷ್ಟಾದ ಮೇಲೂ ಫ್ರಾನ್ಸಿನಲ್ಲೇ ಲೂಯಿ ಕೆರ್ವ್ರಾನ್ ಎಂಬಾತ 1960ರ ದಶಕದಲ್ಲಿ ವೊಕ್ಲಾಂನ ಕೋಳಿಗೆ ಮರುಜೀವ ಕೊಟ್ಟ. ತನ್ನ ಬಾಲ್ಯದ ಬ್ರಿಟನಿ ಸೀಮೆಯಲ್ಲಿ ಕೋಳಿಗಳು ಅಭ್ರಕದ ಚೂರು ಕುಕ್ಕುತ್ತಿದ್ದವಂತೆ. ಅದರ ಪೊಟ್ಯಾಸಿಯಂ ಕೋಳಿಯ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಆಗುತ್ತದೆ ಎಂಬುದು ಅವನ ವಾದ. ಹಾಗೆ ಆಗುವುದಿದ್ದರೆ ಹೊರಬೀಳುವ ಶಕ್ತಿಗೆ ಮೊದಲ ಮೊಟ್ಟೆಗೇ ಕೋಳಿಗೂಡು ಉಳಿಯುತ್ತಿರಲಿಲ್ಲ. 1993ರಲ್ಲಿ ಅವನಿಗೆ ಮರಣೋತ್ತರವಾಗಿ ಇಗ್ ನೊಬೆಲ್ ಸಿಕ್ಕಿತು. ನಗು ಬರುತ್ತದೆ ನಿಜ, ಆದರೆ ಆ ನಗೆಯಲ್ಲಿ ಒಂದು ಮಾತು ಮರೆಯಾಗುತ್ತದೆ: ಸುಣ್ಣವಿಲ್ಲದೆಯೂ ಮೊಟ್ಟೆ ಬರುತ್ತದೆ ಎಂದು ನಂಬಿದರೆ ಅದರ ಬೆಲೆ ತೆರುವುದು ಕೋಳಿಯ ಕಾಲೆಲುಬು.

ಈ ಸಾಲ ಭಾರವಾದದ್ದು ಕೋಳಿ ಪಂಜರ ಸೇರಿದ ಮೇಲೆ. ಅಂಗಳದ ನಾಟಿ ಕೋಳಿ ಒಂದಷ್ಟು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತಿತ್ತು, ಆ ಬಿಡುವಿನಲ್ಲಿ ಎಲುಬು ಚೇತರಿಸಿಕೊಳ್ಳುತ್ತಿತ್ತು. ಈಗಿನ ತಳಿಗೆ ಬಿಡುವೇ ಇಲ್ಲ. ವರ್ಷಕ್ಕೆ 300 ಮೊಟ್ಟೆ ಎಂದರೆ ಚಿಪ್ಪಿಗೇ 600 ಗ್ರಾಂ ಕ್ಯಾಲ್ಸಿಯಂ, ಅಂದರೆ ಮೈಯ ಎಲುಬಿನಲ್ಲಿರುವುದರ ಮೂವತ್ತು ಪಟ್ಟು. 1950ರ ದಶಕದಲ್ಲಿ ಅಮೆರಿಕದ ಫಾರಂಗಳಲ್ಲಿ ಚೆನ್ನಾಗಿ ಮೊಟ್ಟೆಯಿಡುತ್ತಿದ್ದ ಕೋಳಿಗಳೇ ಪಂಜರದೊಳಗೆ ನಿಲ್ಲಲಾರದೆ ಕುಸಿಯತೊಡಗಿದವು. ಆ ಕಾಯಿಲೆಗೆ ‘ಕೇಜ್ ಲೇಯರ್ ಫಟೀಗ್’ ಎಂದು ಹೆಸರಿಟ್ಟರು. ದಣಿವು ಅನ್ನುವುದು ತೀರಾ ಸೌಮ್ಯವಾದ ಶಬ್ದ.

1971ರಲ್ಲಿ ಬಿ.ವಿ. ರಾವ್ ವೆಂಕಟೇಶ್ವರ ಹ್ಯಾಚರೀಸ್ ಕಟ್ಟುವ ಹೊತ್ತಿಗೆ ಲೇಯರ್ ಮೇವಿಗೆ ಸುಣ್ಣದ ಕಲ್ಲು ಹಾಕಲೇಬೇಕೆಂಬುದು ಗಟ್ಟಿಯಾಗಿತ್ತು. ಹಾಕುವ ಬಗೆಯಲ್ಲಿ ಮಾತ್ರ ಕಲಿಯುವುದು ಉಳಿದಿತ್ತು. ಚಿಪ್ಪು ತಯಾರಾಗಲು ಸುಮಾರು 20 ಗಂಟೆ ಬೇಕು, ಅದರಲ್ಲಿ ಬಹುಪಾಲು ರಾತ್ರಿಯದು, ಆಗ ಕೋಳಿ ತಿನ್ನುವುದಿಲ್ಲ. ಬೆಳಿಗ್ಗೆ ತಿಂದ ನುಣ್ಣನೆಯ ಸುಣ್ಣದ ಪುಡಿ ಅಷ್ಟರಲ್ಲಿ ಹೊಟ್ಟೆ ದಾಟಿರುತ್ತದೆ. 1974ರಲ್ಲಿ ಫ್ರಾನ್ಸಿನ ಮೊಂಝಾಂ ಮತ್ತು ಸೊವೇರ್ ಸುಣ್ಣವನ್ನು ಬೇರೆ ತಟ್ಟೆಯಲ್ಲಿಟ್ಟು ನೋಡಿದರು: ಚಿಪ್ಪು ಕಟ್ಟುವ ದಿನ ಕೋಳಿ ಅದನ್ನು ತಾನಾಗಿ ಹೆಚ್ಚು ತಿನ್ನುತ್ತಿತ್ತು, ಅದೂ ಸಂಜೆಯ ಕಡೆಗೆ. ನಾಮಕ್ಕಲ್ಲಿನ ಫಾರಂ ಇರಲಿ, ಹೈದರಾಬಾದಿನ ಹೊರವಲಯದ ಶೆಡ್ ಇರಲಿ, ಪುಡಿಯ ಜೊತೆಗೆ ದಪ್ಪ ಶೆಲ್ ಗ್ರಿಟ್ ಅಥವಾ ಕಲ್ಲಿನ ಹರಳು ಕೊಡುವುದರ ಹಿಂದೆ ಇರುವುದು ಈ ತಿಳಿವಳಿಕೆಯೇ. ಹರಳು ರಾತ್ರಿಯಿಡೀ ಹೊಟ್ಟೆಯಲ್ಲಿ ಕೂತು ನಿಧಾನವಾಗಿ ಕರಗುತ್ತದೆ.

ಅಷ್ಟು ಕೊಟ್ಟರೂ ಸಾಲ ಪೂರ್ತಿ ತೀರುವುದಿಲ್ಲ. ಮೊಟ್ಟೆಯಿಡುತ್ತಿರುವಷ್ಟು ಕಾಲ ಕೋಳಿಯ ಮೈ ಮಜ್ಜೆಯೆಲುಬನ್ನು ಮಾತ್ರ ಹೊಸದಾಗಿ ಕಟ್ಟುತ್ತದೆ. ಭಾರ ಹೊರುವ ಗಟ್ಟಿ ಎಲುಬು ಸವೆಯುತ್ತಲೇ ಹೋಗುತ್ತದೆ. ಮೊಟ್ಟೆ ಕಡಿಮೆಯಾದ ಕೋಳಿಗಳನ್ನು ಮಾರಲು ಪಂಜರದಿಂದ ಎಳೆದು ತೆಗೆಯುವಾಗ ಕೆಲವಕ್ಕೆ ಹಿಡಿದ ಕೈಯಲ್ಲೇ ರೆಕ್ಕೆ, ಕಾಲಿನ ಎಲುಬು ಮುರಿಯುತ್ತವೆ.